ಸಕ್ಕರೆ ಕಾಯಿಲೆ ಇದ್ದವರ ಕಾಲುಗುರಿಗೆ ಫಂಗಸ್ ಹಿಡಿದರೆ: ಮೊದಲು ಬ್ಲೇಡು ಕೆಳಗಿಡಿ

ಮಲೆನಾಡಿನಲ್ಲಿ ಮಳೆ ಹಿಡಿಯಿತೆಂದರೆ ತೋಟ-ಗದ್ದೆ ಓಡಾಡುವವರ ಕಾಲು ಒಣಗುವುದೇ ಅಪರೂಪ. ಹಳದಿಗಟ್ಟಿ, ದಪ್ಪಗಾಗಿ, ಪುಡಿಪುಡಿ ಉದುರುವ ಹೆಬ್ಬೆರಳ ಉಗುರನ್ನು ತೀರ್ಥಹಳ್ಳಿ, ಹೊಸನಗರ ಕಡೆಯ ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಅದನ್ನು ಬ್ಲೇಡಿನಿಂದ ಕೆರೆಯುವುದನ್ನೂ ಕಂಡಿದ್ದೇನೆ. ಶುಗರ್ ಇದ್ದವರು ಹೀಗೆ ಮಾಡಲೇಬಾರದು. ಉಗುರಿನ ಫಂಗಸ್ ನಿಧಾನದ ಕಾಯಿಲೆ. ಅದನ್ನು ತೆಗೆಯಲು ಹೋಗಿ ಆದ ಗಾಯ ಮಾತ್ರ ವಾರದೊಳಗೆ ಕೀವಾಗಬಹುದು.

ಮೊದಲ ಕೆಲಸ ಪರೀಕ್ಷೆ. ಕೆಟ್ಟ ಉಗುರುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಮಾತ್ರ ಫಂಗಸ್ ಕಾರಣ. ಉಳಿದವು ಸೋರಿಯಾಸಿಸ್, ಹಳೇ ಪೆಟ್ಟು, ಬಿಗಿ ಚಪ್ಪಲಿಯ ಒತ್ತಡ. ಚರ್ಮರೋಗ ತಜ್ಞರು ಉಗುರಿನ ಚೂರು, ಅದರಡಿಯ ಪುಡಿ ತೆಗೆದು ಕೆಓಎಚ್ ಪರೀಕ್ಷೆ (ಸೂಕ್ಷ್ಮದರ್ಶಕದಲ್ಲಿ ಫಂಗಸ್ ಹುಡುಕುವುದು) ಮಾಡಿಸುತ್ತಾರೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೂ ಹೋಗಬಹುದು. ಅದಕ್ಕೆ ಮೊದಲೇ ಏನಾದರೂ ಹಚ್ಚಿಕೊಂಡು ಹೋದರೆ ಫಂಗಸ್ ಇದ್ದರೂ ಪರೀಕ್ಷೆಯಲ್ಲಿ ಸಿಗದೆ ಹೋಗಬಹುದು.

ಎರಡನೆಯದು, ಕಾಲಿಗೆ ಸ್ಪರ್ಶ ಇದೆಯೇ ಎಂದು ನೋಡುವುದು. ಕಣ್ಣು ಮುಚ್ಚಿಸಿ, ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳ ತುದಿಯನ್ನು ನಿಮ್ಮ ಬೆರಳಿನಿಂದ ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ. ಒತ್ತಬೇಡಿ. ಆರರಲ್ಲಿ ಎರಡು ಕಡೆ ಗೊತ್ತಾಗದಿದ್ದರೂ ಆ ಕಾಲಿಗೆ ಜೋಮು ಹಿಡಿದಿದೆ ಎಂದೇ ತಿಳಿಯಿರಿ. ಅಂಥವರ ಉಗುರನ್ನು ಮನೆಯಲ್ಲಿ ಕತ್ತರಿಸುವುದು ಬೇಡ, ವೈದ್ಯರ ಬಳಿಯೇ ಆಗಲಿ. ಪಾದ ತಣ್ಣಗೆ, ಕಪ್ಪಗೆ ಇದ್ದವರಿಗೂ ಇದೇ ಮಾತು.

ಇನ್ನು ಎಲ್ಲರೂ ಎಡವುವ ಹಂತ: ಉಗುರು ತೆಳು ಮಾಡುವುದು. ದಪ್ಪ ಉಗುರಿನೊಳಗೆ ಔಷಧಿ ಇಳಿಯುವುದಿಲ್ಲ, ಹಾಗಾಗಿ ಇದನ್ನು ಬಿಡುವಂತಿಲ್ಲ. ಸ್ನಾನವಾದ ಮೇಲೆ ಉಗುರು ಮೆತ್ತಗಿರುವಾಗ ಮಾಡಿ. ಅದಕ್ಕೆಂದು ಬಚ್ಚಲ ಹಂಡೆಯ ಕುದಿನೀರಲ್ಲಿ ಕಾಲು ನೆನೆಸಬೇಡಿ. ಸ್ಪರ್ಶ ಕಡಿಮೆಯಾದ ಕಾಲು ಸುಟ್ಟರೂ ಗೊತ್ತಾಗುವುದಿಲ್ಲ. ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಬೇಕು. ಕಾಲನ್ನು ಪೂರ್ತಿ ಒರೆಸಿ, ಕಿಟಕಿ ಬೆಳಕಿಗೆ ಕೂತು, ಬೇರೆಯವರು ಕತ್ತರಿಸಲಿ. ನಮ್ಮ ಮನೆಯಲ್ಲಿ ಅತ್ತೆಯವರ ಉಗುರು ತೆಗೆಯುವುದು ನಾನೇ. ಕಣ್ಣು ಮಂಜಾದವರು ಬಗ್ಗಿ ತಾವೇ ಕತ್ತರಿಸಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಸಣ್ಣ ನೈಲ್‌ಕಟರ್ ದಪ್ಪ ಉಗುರನ್ನು ಸೀಳುತ್ತದೆ. ದಪ್ಪ ಉಗುರಿನ ಕಟ್ಟರ್ ಬೇರೆಯೇ ಸಿಗುತ್ತದೆ, ಅದನ್ನೇ ಕೊಳ್ಳಿ. ಒಂದೇ ಏಟಿಗೆ ಕಚ್ಚದೆ ಚೂರುಚೂರಾಗಿ, ನೇರ ಗೆರೆಗೆ ಕತ್ತರಿಸಿ. ಮೂಲೆ ಬಗೆಯಬೇಡಿ, ಅಡಿಯ ಪುಡಿಯನ್ನು ಪಿನ್ನಿನಿಂದ ಕೆದಕಬೇಡಿ. ಆಮೇಲೆ ಉಗುರಿನ ಮೇಲ್ಮೈಯನ್ನು ಅರದಿಂದ ಒಂದೇ ದಿಕ್ಕಿಗೆ ಮೆಲ್ಲಗೆ ಉಜ್ಜಿ. ಚರ್ಮ ಬಿಸಿಯಾದರೆ, ಕೆಂಪಾದರೆ ಅಲ್ಲಿಗೇ ನಿಲ್ಲಿಸಿ. ಉಳಿದದ್ದು ಮುಂದಿನ ವಾರಕ್ಕೆ. ಕಟ್ಟರ್, ಅರ ಆ ಒಬ್ಬರಿಗೇ ಮೀಸಲಿರಲಿ. ಕಲ್ಲಿನಂತೆ ಗಟ್ಟಿಯಾದ ಉಗುರಿಗೆ 40% ಯೂರಿಯಾ ಮುಲಾಮು ಇದೆ, ವೈದ್ಯರನ್ನು ಕೇಳಿಯೇ ಬಳಸಿ. ರಕ್ತ ಬಂದರೆ ತೊಳೆದು, ಒತ್ತಿ ಹಿಡಿದು, ಶುದ್ಧ ಗಾಜ್ ಕಟ್ಟಿ ದಿನವೂ ನೋಡಿ; ಅರಿಶಿನ, ಸುಣ್ಣ ಮೆತ್ತಬೇಡಿ. ಉಗುರುಸುತ್ತಿಗೆ ಕೈಬೆರಳನ್ನು ನಿಂಬೆಹಣ್ಣಿಗೆ ಸಿಕ್ಕಿಸುವಂತೆ ಇಲ್ಲಿ ಮಾಡುವುದೂ ಬೇಡ.

ಹಚ್ಚುವ ಔಷಧಿ ಸುಲಭ: ನೈಲ್‌ಪಾಲಿಶ್‌ನಂತೆ ಬಳಿಯುವ 5% ಅಮೊರಾಲ್ಫಿನ್ ಲ್ಯಾಕರ್, ವಾರಕ್ಕೆ ಒಂದೋ ಎರಡೋ ಸಲ. ಉಗುರಿನ ತುದಿಗಷ್ಟೇ ಹಿಡಿದಿದ್ದರೆ ಇದು ಸಾಕಾಗಬಹುದು. ಬುಡ ಮುಟ್ಟಿದ್ದರೆ ಮಾತ್ರೆ ಬೇಕಾಗುತ್ತದೆ, ಸಾಮಾನ್ಯವಾಗಿ ಟರ್ಬಿನಾಫಿನ್ 250 ಮಿ.ಗ್ರಾಂ, ದಿನಕ್ಕೊಂದರಂತೆ 12 ವಾರ. ಶುರು ಮಾಡುವ ಮೊದಲು ಲಿವರ್, ಕಿಡ್ನಿ ಪರೀಕ್ಷೆ ಆಗಲೇಬೇಕು. ಹೃದಯ ದುರ್ಬಲವಾಗಿ ಕಾಲು ಊದುವವರಿಗೆ ಫಂಗಸ್‌ನ ಇನ್ನೊಂದು ಮಾತ್ರೆ ಇಟ್ರಾಕೊನಜೋಲ್ ಸಲ್ಲದು.

ಅಂಗಡಿಯಲ್ಲಿ ಕೇಳಿ ಮಾತ್ರೆ ನುಂಗುವವರಿಗೆ ಒಂದು ಮಾತು. ಫ್ಲುಕೊನಜೋಲ್ ಎಂಬ ಫಂಗಸ್ ಮಾತ್ರೆ ಗ್ಲಿಮೆಪಿರೈಡ್‌ನಂಥ ಶುಗರ್ ಮಾತ್ರೆಯ ಬಲ ಹೆಚ್ಚಿಸಿ, ಶುಗರನ್ನು ಅಪಾಯಕ್ಕೆ ಇಳಿಸಬಲ್ಲದು. ನುಂಗುವ ಎಲ್ಲ ಮಾತ್ರೆಗಳ ಚೀಟಿಯನ್ನೂ ವೈದ್ಯರ ಮುಂದಿಡಿ. ಕ್ಲೊಬೆಟಾಸೋಲ್ ಎಂಬ ಸ್ಟೀರಾಯ್ಡ್ ಬೆರೆತ ಟ್ಯೂಬುಗಳನ್ನು ಮನೆಯೊಳಗೆ ತರಲೇಬೇಡಿ. ತುರಿಕೆ ನಿಂತಂತಾಗುತ್ತದೆ, ಫಂಗಸ್ ಹರಡುತ್ತದೆ.

ಬೆರಳ ಸಂದಿಯ ಬಿಳಿ ಸಿಪ್ಪೆ, ತುರಿಕೆಗೂ ಜೊತೆಯಲ್ಲೇ ಮುಲಾಮು ಹಚ್ಚಬೇಕು, ಇಲ್ಲವಾದರೆ ಅಲ್ಲಿಂದಲೇ ಉಗುರಿಗೆ ಮತ್ತೆ ಹತ್ತುತ್ತದೆ. ಆ ಸಂದಿಗೆ ಕೊಬ್ಬರಿ ಎಣ್ಣೆ ಬೇಡ. ಗಮ್‌ಬೂಟು ಎರಡು ಜೊತೆ ಇಟ್ಟುಕೊಂಡು, ಬಿಚ್ಚಿದ ಜೊತೆಗೆ ಹಳೇ ಪೇಪರು ತುರುಕಿ ಒಣಗಿಸಿ. ಒದ್ದೆ ಸಾಕ್ಸನ್ನು ಮಧ್ಯಾಹ್ನಕ್ಕೇ ಬದಲಿಸಿ.

ಮೂರು ತಿಂಗಳಿಗೆ ಮಾತ್ರೆ ಮುಗಿದಾಗ ಉಗುರು ಇನ್ನೂ ವಿಕಾರವಾಗಿಯೇ ಇರುತ್ತದೆ. ಕಾಲುಗುರು ತಿಂಗಳಿಗೆ ಬೆಳೆಯುವುದು ಸುಮಾರು ಒಂದೂವರೆ ಮಿ.ಮೀ.; ಹೆಬ್ಬೆರಳಿನದು ಪೂರ್ತಿ ಹೊಸದಾಗಲು ಒಂದರಿಂದ ಒಂದೂವರೆ ವರ್ಷ ಬೇಕು. ಬುಡದಲ್ಲಿ ತಿಳಿ ಉಗುರು ಮೂಡುತ್ತಿದೆಯೇ ಎಂದು ತಿಂಗಳಿಗೊಮ್ಮೆ ಫೋಟೊ ತೆಗೆದು ಹೋಲಿಸಿ. ಬೆರಳು ಕೆಂಪಾಗಿ ಊದಿಕೊಂಡರೆ, ಕೀವು ಸೋರಿದರೆ, ಕಪ್ಪಾದರೆ ಮಾತ್ರ ಕಾಯುವಂತಿಲ್ಲ. ನೋವಿಲ್ಲದಿದ್ದರೂ ಅದೇ ದಿನ ಆಸ್ಪತ್ರೆಗೆ ಹೋಗಿ.