ಡೀಬಗ್ ಮಾಡೋವಾಗ ಸರಿಯಾದ ಶೇರ್ಡ್ ಲೈಬ್ರರಿನೇ ಲೋಡ್ ಆಗ್ಬೇಕಾ?

ಲಿನಕ್ಸ್‌ನಲ್ಲಿ ಬ್ರೇಕ್‌ಪಾಯಿಂಟ್ (ಪ್ರೋಗ್ರಾಮ್ ನಿಲ್ಲಬೇಕಾದ ಜಾಗದ ಗುರುತು) ಇಟ್ರೂ ನಿಲ್ತಿಲ್ಲ ಅಂದ್ರೆ ಎಷ್ಟೋ ಸಲ ನೀವು ಬಿಲ್ಡ್ ಮಾಡಿದ ಶೇರ್ಡ್ ಲೈಬ್ರರಿ (ರನ್ ಆಗೋವಾಗ ಪ್ರೋಗ್ರಾಮ್ ಸೇರಿಸ್ಕೊಳ್ಳೋ ಕೋಡ್ ಫೈಲ್) ಬದಲು ಸಿಸ್ಟಮ್‌ದು ಲೋಡ್ ಆಗಿರತ್ತೆ. ಪ್ರೋಗ್ರಾಮ್ ರನ್ ಆದ್ಮೇಲೆ ಜಿಡಿಬಿ ಅನ್ನೋ ಡೀಬಗರ್‌ಲಿ 'ಇನ್ಫೋ ಶೇರ್ಡ್‌ಲೈಬ್ರರಿ' ಹೊಡೀರಿ, ಪೂರ್ತಿ ಪಾತ್ ಕಾಣತ್ತೆ. ತಪ್ಪಿದ್ರೆ 'ಸೆಟ್ ಎನ್ವಿರಾನ್ಮೆಂಟ್' ಕೊಟ್ಟು ಎಲ್‌ಡಿ_ಲೈಬ್ರರಿ_ಪಾತ್‌ಗೆ (ಲೈಬ್ರರಿ ಎಲ್ಲಿ ಹುಡುಕ್ಬೇಕು ಅಂತ ಹೇಳೋ ಸೆಟ್ಟಿಂಗ್) ನಿಮ್ಮ ಡೀಬಗ್ ಬಿಲ್ಡ್ ಫೋಲ್ಡರ್ ಹಾಕಿ ಮತ್ತೆ ರನ್ ಮಾಡಿ, ಬ್ಯಾಶ್‌ಆರ್‌ಸಿಲಿ (ಟರ್ಮಿನಲ್ ತೆರೆದಾಗೆಲ್ಲ ಓದೋ ಸೆಟ್ಟಿಂಗ್ ಫೈಲ್) ಮಾತ್ರ ಹಾಕ್ಬೇಡಿ ಯಾಕಂದ್ರೆ ಆಮೇಲೆ ಸಂಬಂಧ ಇಲ್ದಿರೋ ಪ್ರೋಗ್ರಾಮ್‌ಗಳೂ ಅದನ್ನೇ ಎತ್ಕೊಂಡು ಕ್ರ್ಯಾಶ್ ಆಗಬಹುದು. ಆದ್ರೂ ಹಳೇದೇ ಬರ್ತಿದ್ರೆ ಬೈನರಿಲಿ ಆರ್‌ಪಾತ್ (ಬಿಲ್ಡ್ ಮಾಡೋವಾಗ್ಲೇ ಒಳಗೆ ಬರೆದಿಟ್ಟ ಲೈಬ್ರರಿ ಫೋಲ್ಡರ್) ಇರಬಹುದು, ಲೈಬ್ರರಿ ಹುಡುಕಿ ತರೋ ಲೋಡರ್ ಎಲ್‌ಡಿ_ಲೈಬ್ರರಿ_ಪಾತ್‌ಗಿಂತ ಅದನ್ನೇ ಮೊದಲು ನೋಡೋದು (ಅದೇ ತರದ ರನ್‌ಪಾತ್ ಆದ್ರೆ ಆಮೇಲೆ). 'ರೀಡ್‌ಎಲ್ಫ್ -ಡಿ' ಹಾಕಿದ್ರೆ ಗೊತ್ತಾಗತ್ತೆ. ಇನ್ನೂ ತಲೆ ಕೆಟ್ರೆ ಎಲ್‌ಡಿ_ಡೀಬಗ್=ಲಿಬ್ಸ್ ಅಂತ ಕೊಟ್ಟು ಓಡಿಸಿ, ಎಲ್ಲೆಲ್ಲಿ ಹುಡುಕ್ತು ಅಂತ ಲೋಡರೇ ಸಾಲು ಸಾಲಾಗಿ ಹೇಳತ್ತೆ. ಬೇರೆ ಮಷೀನಿನ ಕೋರ್ ಫೈಲ್ (ಕ್ರ್ಯಾಶ್ ಆದಾಗಿನ ಮೆಮೊರಿ ನಕಲು) ಆಗಿದ್ರೆ ಎಲ್‌ಡಿ_ಲೈಬ್ರರಿ_ಪಾತ್, ಎಲ್‌ಡಿ_ಡೀಬಗ್ ಉಪಯೋಗಕ್ಕೆ ಬರಲ್ಲ, ಅಲ್ಲಿನ ಲೈಬ್ರರಿಗಳನ್ನ ಅದೇ ಫೋಲ್ಡರ್ ಜೋಡಣೆಲಿ ಕಾಪಿ ಮಾಡ್ಕೊಂಡು ಬಂದು ಜಿಡಿಬಿಲಿ 'ಸೆಟ್ ಸಿಸ್‌ರೂಟ್'ಗೆ ಆ ಮೇಲಿನ ಫೋಲ್ಡರ್ ಕೊಡಿ.