ಯಾರ ಕ್ಲೋಸಪ್ ಮೊದಲು? ನಟರ ಬಗೆ ನೋಡಿ ಶಾಟ್ ಹಾಕುವ ಕ್ರಮ

ಪಾತ್ರವರ್ಗದ ಪಟ್ಟಿ ಕೈಗೆ ಬಂದ ಮೇಲೆ ಪ್ರತಿ ಹೆಸರಿನ ಮುಂದೆ ನಾನು ಬರೆದುಕೊಳ್ಳುವುದು ಒಂದೇ ವಿಷಯ: ಇವರು ಎಷ್ಟನೇ ಟೇಕಿಗೆ ಹದಕ್ಕೆ ಬರುತ್ತಾರೆ? ಶಾಟ್ ಡಿವಿಷನ್ (ದೃಶ್ಯವನ್ನು ಶಾಟುಗಳಾಗಿ ಒಡೆದ ಪಟ್ಟಿ) ಹಾಕುವ ಸಹನಿರ್ದೇಶಕನಿಗೆ, ಅಂದರೆ ಅಸೋಸಿಯೇಟ್‌ಗೆ ಅಭಿನಯದ ಸಿದ್ಧಾಂತಕ್ಕಿಂತ ಈ ಅಂದಾಜು ಹೆಚ್ಚು ಕೆಲಸಕ್ಕೆ ಬರುತ್ತದೆ. ಯಾವ ಶಾಟ್ ಮೊದಲು, ಯಾವ ಲೆನ್ಸ್, ಎಷ್ಟು ಮಾನಿಟರ್ (ಶಾಟಿಗೆ ಮೊದಲಿನ ತಾಲೀಮು) ಎನ್ನುವುದೆಲ್ಲ ಇದರ ಮೇಲೆಯೇ ನಿಲ್ಲುತ್ತದೆ.

ಅಂದಾಜು ಮಾಡಲು ಶೂಟಿಂಗಿಗೆ ಮೊದಲು ಒಂದು ಸಣ್ಣ ಟೆಸ್ಟ್ ಮಾಡುತ್ತೇನೆ. ಅದೇ ನಾಲ್ಕು ಸಾಲಿನ ಸಂಭಾಷಣೆಯನ್ನು ಒಮ್ಮೆ 35 ಎಂಎಂ ಲೆನ್ಸಿನಲ್ಲಿ ಸೊಂಟದವರೆಗೆ, ಒಮ್ಮೆ 85 ಎಂಎಂನಲ್ಲಿ ಬರೀ ಮುಖ. ಆಮೇಲೆ ಮಾತೇ ಇಲ್ಲದೆ, ಎದುರಿನವರು ಹೇಳುವುದನ್ನು ಒಂದು ನಿಮಿಷ ಕೇಳಿಸಿಕೊಳ್ಳಲು ಹೇಳುತ್ತೇನೆ. ಈ ಮೂರನ್ನೂ ಮೊದಲು ಸೌಂಡ್ ಮ್ಯೂಟ್ ಮಾಡಿ ನೋಡಬೇಕು. ಪ್ರತಿ ಪದಕ್ಕೂ ಹುಬ್ಬು ಏಳುತ್ತಿದ್ದರೆ, ಗದ್ದ ಮುಂದಕ್ಕೆ ಬರುತ್ತಿದ್ದರೆ ಆ ನಟನೆ ಮಾತಿನ ಬೆನ್ನು ಹತ್ತಿದೆ ಎಂದರ್ಥ. ಕೇಳುವಾಗಲೂ ಮುಖ ಜೀವಂತವಾಗಿದ್ದರೆ ಅವರಿಗೆ ಧೈರ್ಯವಾಗಿ ಟೈಟ್ ಕ್ಲೋಸ್ (ಮುಖವಷ್ಟೇ ತುಂಬುವ ಶಾಟ್) ಇಡಬಹುದು. ನನಗೆ ಹೆಚ್ಚು ತಿಳಿಸಿಕೊಡುವುದು ಆ ಕೇಳುವ ಒಂದು ನಿಮಿಷವೇ.

ಕನ್ನಡದಲ್ಲಿ ಪರದೆಯ ನಟನೆ ಹುಟ್ಟಿದ್ದೇ ವೃತ್ತಿರಂಗಭೂಮಿಯ ಮಡಿಲಲ್ಲಿ. 1934ರ ‘ಸತಿ ಸುಲೋಚನ’ದ ಸುಬ್ಬಯ್ಯ ನಾಯ್ಡು ನಾಟಕದವರು, 1954ರ ‘ಬೇಡರ ಕಣ್ಣಪ್ಪ’ದಲ್ಲಿ ನಾಯಕನಾದ ರಾಜ್‌ಕುಮಾರ್ ಗುಬ್ಬಿ ಕಂಪನಿಯಲ್ಲಿ ಪಳಗಿದವರು. ಹಿಂದಿನ ಸಾಲಿನವರಿಗೂ ಕೇಳಿಸಬೇಕೆಂದು ಕಲಿತ ಉಸಿರು, ಸ್ಪಷ್ಟ ಉಚ್ಚಾರ, ಉದ್ದದ ಮಾತನ್ನು ಒಡೆಯದೆ ಒಯ್ಯುವ ಶಕ್ತಿ ಈ ಪರಂಪರೆಯ ಆಸ್ತಿ. ಈ ಪರಂಪರೆಯಿಂದ ಬಂದವರಿಗೆ ‘ಕಡಿಮೆ ಮಾಡಿ’ ಎಂದು ಹೇಳಬಾರದು. ಹಾಗೆ ಹೇಳಿದರೆ ದನಿಯ ಜೊತೆ ಭಾವವೂ ಇಳಿದುಹೋಗುತ್ತದೆ. ನಾನು ಕೇಳುಗನನ್ನು ಹತ್ತಿರಕ್ಕೆ ತರುತ್ತೇನೆ: ಎದುರಿನ ನಟರನ್ನು ಲೆನ್ಸಿನ ಪಕ್ಕದಲ್ಲೇ ಕೂರಿಸಿ, ‘ಒಳಗೆ ಮಗು ಮಲಗಿದೆ, ಇವರಿಗೆ ಮಾತ್ರ ಕೇಳಿಸಲಿ’ ಎನ್ನುತ್ತೇನೆ. ದನಿ ತಾನಾಗಿ ತಗ್ಗುತ್ತದೆ, ಹುಬ್ಬೂ ಕೆಳಗಿಳಿಯುತ್ತದೆ. ಮೂರು-ನಾಲ್ಕನೇ ಟೇಕಿಗೆ ಇವರು ಪೂರ್ತಿ ಕೈಗೆ ಸಿಗುತ್ತಾರೆ.

ನೀನಾಸಂ, ರಂಗಾಯಣದಂಥ ಕಡೆ ತರಬೇತಾದವರ ತೊಡಕು ಬೇರೆ. ದೇಹ ಹಿಡಿತದಲ್ಲಿರುತ್ತದೆ, ಉಪಪಠ್ಯ (ಮಾತಿನ ಹಿಂದಿನ ಮಾತು) ಅರ್ಥವಾಗಿರುತ್ತದೆ. ಆದರೆ ಒಂದು ಶಾಟಿಗೆ ಐದು ಆಲೋಚನೆ ತಂದಿರುತ್ತಾರೆ. ಎಂಟು ಸೆಕೆಂಡಿನ ಕ್ಲೋಸಪ್ಪಿನಲ್ಲಿ ಒಂದಕ್ಕಿಂತ ಹೆಚ್ಚು ತಿರುವು ಹಿಡಿಸುವುದಿಲ್ಲ. ಹಾಗಾಗಿ ಅವರ ಜೊತೆ ಕೂತು ಯಾವ ಶಬ್ದದ ಮೇಲೆ ಮನಸ್ಸು ತಿರುಗುತ್ತದೆ ಎಂದು ಒಂದು ಜಾಗ ಗುರುತು ಹಾಕಿಕೊಳ್ಳುತ್ತೇವೆ; ಉಳಿದ ನಾಲ್ಕು ಆಲೋಚನೆ ಇಡೀ ದೃಶ್ಯ ಹಿಡಿಯುವ ಮಾಸ್ಟರ್ ಶಾಟಿಗೆ ಇರಲಿ.

ಧಾರಾವಾಹಿಯಿಂದ ಬಂದವರಿಗೆ ವೇಗವಿದೆ, ಕಂಟಿನ್ಯೂಟಿ (ಶಾಟಿನಿಂದ ಶಾಟಿಗೆ ಕೈ, ವಸ್ತು, ಚಲನೆ ಒಂದೇ ಥರ ಇರುವುದು) ಅಚ್ಚುಕಟ್ಟು. ಕಾಡುವುದು ಪ್ರಾಂಪ್ಟಿಂಗ್, ಅಂದರೆ ಪಕ್ಕದಿಂದ ಹೇಳಿಕೊಟ್ಟ ಮಾತನ್ನು ಕೇಳಿ ಹೇಳುವ ಅಭ್ಯಾಸ. ಪ್ರಾಂಪ್ಟ್ ಕೇಳಿಸಿಕೊಳ್ಳುವ ಅರೆಕ್ಷಣ ಕಣ್ಣು ಖಾಲಿಯಾಗುತ್ತದೆ. ಮಿಡ್ ಶಾಟಿನಲ್ಲಿ ತಿಳಿಯದ ಇದು ಟೈಟ್ ಕ್ಲೋಸಿನಲ್ಲಿ ಎದ್ದು ಕಾಣುತ್ತದೆ. ಸಿಂಕ್ ಸೌಂಡ್ (ಸೆಟ್ಟಿನಲ್ಲೇ ದನಿ ಹಿಡಿಯುವುದು) ಆದರಂತೂ ಪ್ರಾಂಪ್ಟ್ ಮಾಡುವ ಮಾತೇ ಇಲ್ಲ. ಹಿಂದಿನ ರಾತ್ರಿಯೇ ಸಾಲು ಕಳಿಸಿ, ಬೆಳಿಗ್ಗೆ ಮೇಕಪ್ ಕುರ್ಚಿಯಲ್ಲಿ ಭಾವ ಹಾಕದೆ, ಲೆಕ್ಕ ಒಪ್ಪಿಸುವ ಹಾಗೆ ಎರಡು ಸಲ ಹೇಳಿಸುತ್ತೇನೆ. ಭಾವ ಹಾಕಿ ಬಾಯಿಪಾಠ ಮಾಡಿದರೆ ಆ ರಾಗ ಆಮೇಲೆ ಬಿಡಿಸಲು ಬರುವುದಿಲ್ಲ.

ಸ್ಟಾರ್ ನಟರ ಬಗ್ಗೆ ಹೇಳಬೇಕಾದ್ದು ಕಡಿಮೆ. ನಿಲ್ಲುವ ಬಗೆ, ತಿರುಗುವ ಬಗೆ ಅವರಿಗೆ ಗೊತ್ತು, ಜನ ಬರುವುದೂ ಅದಕ್ಕೇ. ಅದನ್ನು ಕಿತ್ತು ಬೇರೆ ಶೈಲಿ ತೊಡಿಸುವ ಹಟ ನಿರ್ದೇಶಕರ ಅಹಂಕಾರ ಎಂದೇ ನನ್ನ ಲೆಕ್ಕ. ಮುಖವನ್ನು ಸುಮ್ಮನೆ ಬಿಟ್ಟು, ಮುಂದಿನ ಶಾಟಿನಲ್ಲಿ ಅವರು ನೋಡುತ್ತಿರುವುದನ್ನು ಸರಿಯಾಗಿ ಇಟ್ಟರೆ ಅರ್ಧ ಅಭಿನಯ ಎಡಿಟಿಂಗ್ ಟೇಬಲ್ಲಿನಲ್ಲೇ ಆಗುತ್ತದೆ.

ಎಂದೂ ಕ್ಯಾಮೆರಾ ಮುಂದೆ ನಿಲ್ಲದವರ ವಿಷಯಕ್ಕೆ ಬಂದರೆ ಮೇಲಿನದ್ದೆಲ್ಲ ತಲೆಕೆಳಗು. ಮಂಡ್ಯ ಕಡೆಯ ಹಳ್ಳಿಗರೇ ನಟಿಸಿದ 2015ರ ‘ತಿಥಿ’ ಬಂದಮೇಲೆ ಹಳ್ಳಿಯವರನ್ನು ಹಾಕಿಕೊಂಡರೆ ಸಹಜತೆ ಪುಕ್ಕಟೆ ಸಿಗುತ್ತದೆ ಎಂದು ನಂಬಿದವರು ಬಹಳ. ಪುಕ್ಕಟೆ ಏನೂ ಸಿಗುವುದಿಲ್ಲ. ಅವರಿಗೆ ಸಾಲು ಬರೆದುಕೊಡಬಾರದು. ಸಂಗತಿ ಹೇಳಿ, ಮಾತು ಅವರದೇ ಆಗಲಿ. ಕೈಗೆ ನಿಜವಾದ ಕೆಲಸ ಬೇಕು: ಬೀಡಿ ಹಚ್ಚುವುದೋ, ಅವರೆಕಾಯಿ ಸುಲಿಯುವುದೋ. ಕೈ ಸುಮ್ಮನಿದ್ದರೆ ಮುಖ ನಟಿಸಲು ಶುರುಮಾಡುತ್ತದೆ. ‘ಆಕ್ಷನ್’ ಎಂದು ಕೂಗಿದರೆ ಮೈ ಬಿಗಿಯುತ್ತದೆ. ಕ್ಯಾಮೆರಾ ಮೊದಲೇ ಓಡಿಸಿ, ಕ್ಲಾಪನ್ನು ಕೊನೆಯಲ್ಲಿ ತಲೆಕೆಳಗಾಗಿ ಹಿಡಿದರಾಯಿತು. ನೆಲದ ಮೇಲೆ ಟೇಪಿನ ಗುರುತು ಹಾಕಿದರೆ ಬಗ್ಗಿ ನೋಡುತ್ತಾರೆ. ಅದರ ಬದಲು ಕಲ್ಲೋ ಮಣೆಯೋ ಇಟ್ಟು ಕೂರಿಸಿ.

ಫೋಕಸ್ ಮರೆಯಬೇಡಿ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 85 ಎಂಎಂ ಲೆನ್ಸನ್ನು ಎಫ್ 2.8ಕ್ಕೆ (ಲೆನ್ಸಿನ ಕಿಂಡಿ ಅಗಲ ತೆರೆದು) ಇಟ್ಟು ಒಂದೂವರೆ ಮೀಟರ್ ದೂರದಲ್ಲಿ ಮುಖ ಹಿಡಿದರೆ ಚೂಪಾಗಿ ಕಾಣುವ ಆಳ ಸುಮಾರು 5 ಸೆಂಟಿಮೀಟರ್ ಮಾತ್ರ. ಪಳಗಿದ ನಟ ಆ ಅಳತೆಯೊಳಗೆ ಇರುತ್ತಾನೆ. ಹೊಸಬರು ನಗುವಾಗ ಒಮ್ಮೆ ಮುಂದೆ ವಾಲಿದರೂ ಟೇಕ್ ಹೋಯಿತು. ಇಂಥವರಿಗೆ 50 ಎಂಎಂ, ಎಫ್ 5.6 (ಕಿರಿದಾದ ಕಿಂಡಿ), ಬೆಳಕು ಅದಕ್ಕೆ ತಕ್ಕಷ್ಟು. ಹಿನ್ನೆಲೆ ಸ್ವಲ್ಪ ಗಟ್ಟಿಯಾಗಿ ಕಂಡರೂ ಚಿಂತೆಯಿಲ್ಲ, ಒಳ್ಳೆಯ ಟೇಕ್ ಉಳಿಯುತ್ತದೆ.

ನಿಜವಾದ ತಲೆನೋವು ಎರಡು ಬಗೆಯವರು ಒಂದೇ ದೃಶ್ಯದಲ್ಲಿ ಸೇರಿದಾಗ. ಹಿರಿಯ ರಂಗನಟಿ ಅಜ್ಜಿ, ಊರಿನ ಹುಡುಗ ಮೊಮ್ಮಗ ಎಂದಿಟ್ಟುಕೊಳ್ಳಿ. ಅಜ್ಜಿ ಪ್ರತಿ ಟೇಕಿಗೂ ಏರುತ್ತಾರೆ, ಹುಡುಗ ಎರಡನೆಯದಕ್ಕೇ ಇಳಿಯುತ್ತಾನೆ. ರೂಢಿಯಂತೆ ಮಾಸ್ಟರ್, ಆಮೇಲೆ ಇಬ್ಬರ ಸಜೆಷನ್ (ಒಬ್ಬರ ಭುಜದ ಮೇಲಿಂದ ಇನ್ನೊಬ್ಬರ ಮುಖ), ಕೊನೆಗೆ ಕ್ಲೋಸ್ ಎಂದು ಹೋದರೆ ಹುಡುಗನ ಮುಖಕ್ಕೆ ಬರುವಷ್ಟರಲ್ಲಿ ಅವನಲ್ಲಿ ಏನೂ ಉಳಿದಿರುವುದಿಲ್ಲ. ನನ್ನ ಕ್ರಮ: ಅಜ್ಜಿಯ ಜೊತೆ ಬೇರೆಯಾಗಿ ಮಾನಿಟರ್, ಹುಡುಗನಿಗೆ ಮಾನಿಟರ್ ಇಲ್ಲ. ಮೊದಲ ಶಾಟೇ ಹುಡುಗನ ಕ್ಲೋಸ್. ಅಜ್ಜಿ ಕ್ಯಾಮೆರಾ ಹಿಂದೆ ಕೂತು ಪೂರ್ತಿ ಮಾತು ಹೇಳುತ್ತಾರೆ. ಅದು ಅವರಿಗೂ ತಾಲೀಮು. ಆಮೇಲೆ ಮಾಸ್ಟರ್, ಕೊನೆಗೆ ಅಜ್ಜಿಯ ಕ್ಲೋಸ್. ಹುಡುಗ ಯಾವ ಮಾತಿಗೆ ಲೋಟ ಎತ್ತಿದ, ಯಾವ ಕೈಯಲ್ಲಿ ಎತ್ತಿದ ಎಂದು ಕಂಟಿನ್ಯೂಟಿಯವರು ಮೊದಲ ಟೇಕಿನಲ್ಲೇ ಬರೆದುಕೊಳ್ಳಬೇಕು, ಮಾಸ್ಟರಿನಲ್ಲಿ ಅಜ್ಜಿಯೇ ಆ ಲೋಟವನ್ನು ಸರಿಯಾದ ಹೊತ್ತಿಗೆ ಅವನ ಕೈಗೆ ಕೊಡುವ ಹಾಗೆ ಬದಲಿಸಿಕೊಳ್ಳಬಹುದು. ಎರಡು ಕ್ಯಾಮೆರಾ ಇದ್ದರೆ ಎರಡನ್ನೂ ಹುಡುಗನ ಮೇಲೆಯೇ ಇಡಿ, ಒಂದು ಮಿಡ್, ಒಂದು ಕ್ಲೋಸ್. ಇಬ್ಬರಿಗೂ ಎದುರುಬದುರು ಇಟ್ಟರೆ ಲೈಟಿಂಗ್ ಇಬ್ಬರಿಗೂ ಅರ್ಧಂಬರ್ಧ.

ಲುಕ್ (ನೋಟ ಎತ್ತ ನೆಟ್ಟಿದೆ ಎಂಬುದು) ವಿಷಯದಲ್ಲಿ ಪಳಗಿದವರೂ ತಪ್ಪುತ್ತಾರೆ. ಎದುರಿನವರ ಎರಡು ಕಣ್ಣನ್ನೂ ಬದಲಿಸಿ ಬದಲಿಸಿ ನೋಡಿದರೆ ಟೈಟ್ ಕ್ಲೋಸಿನಲ್ಲಿ ಗುಡ್ಡೆ ಅತ್ತಿತ್ತ ಓಡಾಡಿ ಸುಳ್ಳು ಹೇಳುವವರ ಹಾಗೆ ಕಾಣುತ್ತದೆ. ಲೆನ್ಸಿಗೆ ಹತ್ತಿರದ ಒಂದೇ ಕಣ್ಣು ಹಿಡಿಯಲು ಹೇಳಿ. ಎದುರಿನ ನಟ ಸೆಟ್ಟಿನಲ್ಲಿಲ್ಲದಿದ್ದರೆ ಮ್ಯಾಟ್ ಬಾಕ್ಸಿನ (ಲೆನ್ಸಿನ ಮುಂದಿನ ಚೌಕಟ್ಟು) ಅಂಚಿಗೆ ಟೇಪ್ ಅಂಟಿಸುವುದು ರೂಢಿ. ಸ್ಟಾರ್‌ಗಳಿಗೂ ತರಬೇತಾದವರಿಗೂ ಅದು ಸಾಕು, ಹೊಸಬರಿಗೆ ಮಾತ್ರ ನಿಜವಾದ ಮುಖವೇ ಬೇಕು.

ಡಬ್ಬಿಂಗ್‌ನಲ್ಲಿ ಲೆಕ್ಕ ಮತ್ತೆ ಬದಲಾಗುತ್ತದೆ. ನಾಟಕ ಕಂಪನಿಯ ನಟರು ಮೈಕಿನ ಮುಂದೆ ನಿಂತ ಕೂಡಲೇ ಹಳೆಯ ಎತ್ತರಕ್ಕೆ ಹೋಗುತ್ತಾರೆ, ಹಾಗಾಗಿ ಸೆಟ್ಟಿನ ಪೈಲಟ್ ಟ್ರ್ಯಾಕನ್ನು (ಶೂಟಿಂಗಿನಲ್ಲಿ ಗುರುತಿಗೆಂದು ಹಿಡಿದ ದನಿ) ಹೆಡ್‌ಫೋನಿನಲ್ಲಿ ಮೊದಲು ಕೇಳಿಸುತ್ತೇನೆ. ಊರಿನವರಿಗೆ ಡಬ್ಬಿಂಗ್ ಮಾಡಿಸಲು ಹೋಗಲೇಬೇಡಿ. ತುಟಿಗೆ ಮಾತು ಕೂರಿಸುವ ಗಡಿಬಿಡಿಯಲ್ಲಿ ಅವರ ಮಾತಿನ ಧಾಟಿ ಸತ್ತುಹೋಗುತ್ತದೆ. ಬೇರೆಯವರ ಕಂಠ ಹಾಕಿದರೆ ಮಂಡ್ಯದ ಮುಖಕ್ಕೆ ಬೆಂಗಳೂರಿನ ಸ್ಟುಡಿಯೋ ದನಿ. ಇಡೀ ಚಿತ್ರಕ್ಕೆ ಸಿಂಕ್ ಸೌಂಡಿನ ಬಜೆಟ್ ಇಲ್ಲದಿದ್ದರೂ ಅವರಿರುವ ದೃಶ್ಯಗಳಿಗಾದರೂ ಒಬ್ಬ ಸೌಂಡ್ ರೆಕಾರ್ಡಿಸ್ಟ್, ಎರಡು ಲೇಪಲ್ ಮೈಕ್ (ಬಟ್ಟೆಗೆ ಸಿಕ್ಕಿಸುವುದು), ಒಂದು ಬೂಮ್ (ಕೋಲಿನ ತುದಿಯ ಮೈಕ್) ಕೇಳಿ ಪಡೆಯಿರಿ. ಜನರೇಟರ್ ವ್ಯಾನನ್ನು ಎಷ್ಟು ದೂರ ನಿಲ್ಲಿಸಬೇಕೆಂದು ಪ್ರೊಡಕ್ಷನ್ ಮ್ಯಾನೇಜರ್ ಹತ್ತಿರ ಹಿಂದಿನ ದಿನವೇ ಮಾತಾಡಿಕೊಳ್ಳಿ.