ಗೋಥಿಕ್ ಚರ್ಚಿನ ಚಿತ್ರವನ್ನು ಓದುವುದು ಹೇಗೆ

ಚಿತ್ರದ ಮುಂದೆ ನಿಂತ ಕೂಡಲೇ ಭಕ್ತಿ, ಗಾಂಭೀರ್ಯ ಎಂದು ಅರ್ಥ ಹುಡುಕಬೇಡಿ. ಮೊದಲು ದಿಕ್ಕು ಗೊತ್ತುಮಾಡಿಕೊಳ್ಳಿ. ಗೋಥಿಕ್ ಎಂದರೆ ಚೂಪು ಕಮಾನು, ಎತ್ತರದ ಶಿಖರಗಳ ಮಧ್ಯಯುಗದ ಯುರೋಪಿನ ಕಟ್ಟಡಶೈಲಿ. ಆ ಕಾಲದ ಚರ್ಚುಗಳಲ್ಲಿ ಸಾಮಾನ್ಯವಾಗಿ ಬಲಿಪೀಠ ಪೂರ್ವಕ್ಕೆ, ಹೆಬ್ಬಾಗಿಲು ಪಶ್ಚಿಮಕ್ಕೆ. ಹೆಬ್ಬಾಗಿಲಿನ ಮುಖಕ್ಕೆ ನೇರ ಬಿಸಿಲು ತಾಗುವುದು ಮಧ್ಯಾಹ್ನ ಕಳೆದ ಮೇಲೆ. ಫ್ರೆಂಚ್ ಚಿತ್ರಕಾರ ಮೋನೆ 1892–94ರ ನಡುವೆ ಫ್ರಾನ್ಸಿನ ರುವಾನ್ ಕೆಥೆಡ್ರಲ್‌ನ (ಬಿಷಪ್ಪರ ಮುಖ್ಯ ಚರ್ಚಿನ) ಇದೇ ಮುಖವನ್ನು 30ರಷ್ಟು ಸಲ ಬರೆದ. ನೀಲಿ ಮಬ್ಬಿನವು ಬೆಳಗಿನವು, ಹೊಂಬಣ್ಣದವು ಬಿಸಿಲೇರಿದ ಮೇಲಿನವು.

ಬೆಳಕು ದಿಕ್ಕಿಗೆ ಹೊಂದದಿದ್ದರೆ ಚಿತ್ರಕಾರ ತಪ್ಪಿದ ಎನ್ನುವುದು ಅವಸರದ ಮಾತು. 15ನೇ ಶತಮಾನದ ಫ್ಲೆಮಿಶ್ (ಈಗಿನ ಬೆಲ್ಜಿಯಂ ಕಡೆಯ) ಚಿತ್ರಕಾರ ಯಾನ್ ವಾನ್ ಐಕ್ ಬರೆದ ‘ಚರ್ಚಿನಲ್ಲಿ ಮಡೋನ’ದಲ್ಲಿ (ಮಡೋನ ಎಂದರೆ ಯೇಸುವಿನ ತಾಯಿ ಮೇರಿ) ಬಿಸಿಲು ಉತ್ತರದ ಕಿಟಕಿಗಳಿಂದ ಇಳಿಯುತ್ತದೆ. ಆ ಭಾಗದ ಯುರೋಪಿನಲ್ಲಿ ಅದು ಆಗದ ಮಾತು. ಮೇರಿಯೂ ಕಟ್ಟಡಕ್ಕೆ ಹೋಲಿಸಿದರೆ ಭಾರಿ ಎತ್ತರ. ಎರಡನ್ನೂ ಕೂಡಿಸಿ ನೋಡಿದರೆ ಅದು ದೈವಿಕ ಬೆಳಕು, ಮೇರಿಯೇ ಚರ್ಚು.

ಆಮೇಲೆ ಚಿತ್ರ ಯಾವ ಕಾಲದ್ದೆಂದು ನೋಡಿ. ಪ್ಯಾರಿಸ್ಸಿನ ನೋತ್ರ್ ದಾಮ್ ಕೆಥೆಡ್ರಲ್‌ನ ಹಳೆಯ ಮೊನೆಶಿಖರವನ್ನು 18ನೇ ಶತಮಾನದ ಕೊನೆಗೆ ತೆಗೆದರು. ಹೊಸದು ಎದ್ದದ್ದು 1859ರಲ್ಲಿ, ಸುಟ್ಟದ್ದು 2019ರಲ್ಲಿ. ಜರ್ಮನಿಯ ಕಲೋನ್ ಕೆಥೆಡ್ರಲ್‌ನ ಜೋಡಿ ಶಿಖರ ಪೂರ್ತಿಯಾದದ್ದು 1880ರಲ್ಲಿ. ಅದಕ್ಕೂ ಹಿಂದಿನ ಚಿತ್ರದಲ್ಲಿ ಅವು ಪೂರ್ಣವಾಗಿ ಕಂಡರೆ ನೀವು ನೋಡುತ್ತಿರುವುದು ಕನಸನ್ನು.

ಎತ್ತರ ಎಳೆದಿದ್ದಾರೆಯೇ ಎಂದು ತಿಳಿಯಲು ಕಾಗದದ ಪಟ್ಟಿ ಸಾಕು. ಗೋಡೆಯ ಬುಡದಲ್ಲಿರುವ ಮನುಷ್ಯಾಕೃತಿಯ ಎತ್ತರ ಗುರುತಿಸಿ, ಶಿಖರದವರೆಗೆ ಎಷ್ಟು ಸಲ ಹಿಡಿಯುತ್ತದೆ ಎಣಿಸಿ. ಇಂಗ್ಲೆಂಡಿನ ಸಾಲ್ಸ್‌ಬರಿ ಕೆಥೆಡ್ರಲ್‌ನ ಶಿಖರ 123 ಮೀಟರ್, 1.7 ಮೀಟರಿನ ಆಳಿಗೆ ಸುಮಾರು 72 ಪಟ್ಟು. 90 ಬಂದರೆ ಬೇಕೆಂದೇ ಎಳೆದಿರಬಹುದು. ಮುನ್ನೆಲೆಯ ಆಕೃತಿ ಹಿಡಿದರೆ ಲೆಕ್ಕ ಕೆಡುತ್ತದೆ. ಹತ್ತಿರದ್ದು ದೊಡ್ಡದಾಗಿ ಕಾಣುವುದರಿಂದ ಎಣಿಕೆ ಕಡಿಮೆ ಬರುತ್ತದೆ.

ಕೊನೆಗೆ, ಬರೆಸಿದವರು ಯಾರು ಕೇಳಿ. ಇದನ್ನು ಬಿಟ್ಟವರೇ ಮೋಡ ಕಂಡಲ್ಲೆಲ್ಲ ಸಂಕೇತ ಕಾಣುತ್ತಾರೆ. ಇಂಗ್ಲಿಷ್ ಚಿತ್ರಕಾರ ಕಾನ್‌ಸ್ಟೆಬಲ್ 1823ರಲ್ಲಿ ಸಾಲ್ಸ್‌ಬರಿ ಕೆಥೆಡ್ರಲನ್ನು ಬರೆದದ್ದು ಬಿಷಪ್ ಜಾನ್ ಫಿಶರ್‌ಗಾಗಿ. ಎಡಮೂಲೆಯಲ್ಲಿ ಬಿಷಪ್ಪರೇ ಕೋಲು ಚಾಚಿ ಹೆಂಡತಿಗೆ ಶಿಖರ ತೋರಿಸುತ್ತಿದ್ದಾರೆ. ಎರಡೂ ಕಡೆಯ ಮರಗಳು ಬಾಗಿ ಕೂಡಿ ಚೂಪು ಕಮಾನಾಗಿವೆ, ಅಂದರೆ ಕಟ್ಟಡದ ಆಕಾರವನ್ನೇ ಮರಗಳೂ ಹೇಳುತ್ತಿವೆ. ಶಿಖರದ ಹಿಂದಿನ ಕಪ್ಪು ಮೋಡ ಮಾತ್ರ ಬಿಷಪ್ಪರಿಗೆ ಹಿಡಿಸಲಿಲ್ಲ. ಈಗ ನ್ಯೂಯಾರ್ಕ್‌ನ ಫ್ರಿಕ್ ಸಂಗ್ರಹದಲ್ಲಿರುವ, ಅದೇ ನೋಟವನ್ನು ಅವನೇ ಮತ್ತೆ ಬರೆದ 1826ರ ಚಿತ್ರದಲ್ಲಿ ಆಕಾಶ ತಿಳಿಯಾಗಿದೆ, ಮರಗಳ ಕಮಾನೂ ಬಿಚ್ಚಿಕೊಂಡಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಆಕಾಶವನ್ನಷ್ಟೇ ಐದು ನಿಮಿಷ ನೋಡಿ. ಕಲ್ಲು ಅದೇ, ಶಿಖರ ಅದೇ, ಚರ್ಚು ಬೇರೆ.